ವೈನಿಯ ಕೈಗೇ ಬಂದ ಸೀರೆ

ನಮ್ಮ ವೈನಿಯ ಎಡಗೈ ತೋರುಬೆರಳಿನ ತುದಿ ಕಡಲೆಬೇಳೆಯಂತೆ ಗಟ್ಟಿ. ಸೀರೆಗಳಿಗೆ ಫಾಲ್ ಹಚ್ಚುವಾಗ ಸೂಜಿ ಚುಚ್ಚಿ ಚುಚ್ಚಿ ಅಲ್ಲಿ ದಡ್ಡು ಕಟ್ಟಿದೆ. ಹಂಚಿನ ಮೇಲಿನ ರೊಟ್ಟಿಯನ್ನು ಅದೇ ಬೆರಳಿನಿಂದ ತಿರುವಿ ಹಾಕುತ್ತಾರೆ. ಸುಡುವುದಿಲ್ಲವೇ ಎಂದರೆ, "ಆ ಬೆರಳ ಸತ್ತು ಭಾಳ ದಿನಾತು ತಮ್ಮಾ, ಉಳದ ಒಂಬತ್ತು ಜೀವಂತ ಅದಾವ" ಎನ್ನುತ್ತಾರೆ.

ಅಣ್ಣನನ್ನು ಮದುವೆಯಾಗಿ ಅವರು ಬೆಳಗಾವಿಯ ಅನಗೋಳದ ನಮ್ಮ ಮನೆಗೆ ಬಂದಾಗ ನನಗೆ ಎಂಟು ವರ್ಷ. ಅವ್ವ ತೀರಿಕೊಂಡಿದ್ದಳು. ನನ್ನ ತಲೆಯ ಹೇನು ತೆಗೆದವರು, ಕೈಹಿಡಿದು ಶಾಲೆಗೆ ಎಳೆದೊಯ್ದವರು ವೈನಿ. ಅವರಿಗೆ ಮಕ್ಕಳಾಗಲಿಲ್ಲ. ಏಳನೆಯತ್ತೆ ಮುಗಿಸಿ, ಇನ್ನು ಶಾಲೆ ಒಲ್ಲೆ ಎಂದು ನಾನು ಕಂಬ ಹಿಡಿದು ಕೂತಾಗ ಅಣ್ಣ ಬೆಲ್ಟು ಬಿಚ್ಚಿದ. ವೈನಿ ನಡುವೆ ನಿಂತರು. "ಹೊಡದ್ರ ಅಕ್ಷರ ಒಳಗ ಹೋಗತಾವೇನ್ರಿ? ಇದ್ದವೂ ಹೊರಗ ಬರತಾವ!" ಮುಂದೆ ನಾನು ಟೆಂಪೋ ಕಲಿತೆ. ಖಾನಾಪುರದಿಂದ ಹೆಂಚು, ಮಣ್ಣಿನ ಗಡಿಗೆ ಹೇರಿಕೊಂಡು ಬೆಳಗಾವಿಗೆ ತರುವುದು ನನ್ನ ಕೆಲಸ.

ಪೇಟೆಗೆ ಹೋದರೆ ವೈನಿ ಯಾರ ಮುಖವನ್ನೂ ನೋಡುವುದಿಲ್ಲ. ಹೆಂಗಸರ ಸೀರೆಯ ಅಂಚು ನೋಡುತ್ತ ನಡೆಯುತ್ತಾರೆ. "ಅಲ್ಲಿ ನೋಡು, ಅದು ನನ್ನ ಕೈದು" ಎಂದು ಮೊಣಕೈಯಿಂದ ತಿವಿಯುತ್ತಾರೆ.

ಅಣ್ಣ ಫೌಂಡ್ರಿಯಲ್ಲಿ ಸೂಪರ್‌ವೈಸರ್. ಮದುವೆಯಾಗಿ ಹತ್ತೊಂಬತ್ತು ವರ್ಷವಾದ ಮೇಲೆ ಅವನಿಗೆ ಖಾನಾಪುರದಲ್ಲಿ ಇನ್ನೊಬ್ಬಳ ಸಹವಾಸವಾಯಿತು. ಅವಳ ಬಾಗಿಲಲ್ಲಿ ಅವನ ಬೈಕ್ ಕಂಡಾಗ ನನಗೆ ಗೊತ್ತಾಯಿತು. "ನಿಮ್ಮ ವೈನಿ ಕೇಳಿದ್ರ ಓವರ್‌ಟೈಮ್ ಅನ್ನು" ಎಂದ. ಅಂದೆ. ಮೂರು ವರ್ಷ ಅಂದೆ. ಅವರು ಬಡಿಸಿದ ರೊಟ್ಟಿ ಮುರಿಯುತ್ತ, "ಇವತ್ತೂ ಓವರ್‌ಟೈಮ್ ಅಂತ್ರಿ ವೈನಿ" ಎನ್ನುತ್ತಿದ್ದೆ. ಅಣ್ಣನಿಗೆ ಹೆದರಿ ಹಾಗೆ ಮಾಡಿದೆ ಎಂದು ಹೇಳಿಕೊಳ್ಳಬಹುದು. ಖರೇ ಎಂದರೆ, ಈ ಮನೆ ಒಡೆದರೆ ನನಗೆ ಬಡಿಸುವವರು ಯಾರು ಎಂಬುದೇ ನನ್ನ ಹೆದರಿಕೆಯಾಗಿತ್ತು.

ಒಂದು ದೀಪಾವಳಿಗೆ ಅಣ್ಣ ನೇರಳೆ ಬಣ್ಣದ ಸೀರೆಯೊಂದನ್ನು ಕೊಟ್ಟು, ಫಾಲ್ ಹಚ್ಚಿಸಿ ಅವಳಿಗೆ ಮುಟ್ಟಿಸು ಎಂದ. ವೈನಿಗೆ ಕೆಲಸ ಕೊಡುವ ಅಂಗಡಿಯನ್ನು ಬಿಟ್ಟು ಶಹಾಪುರದ ಇನ್ನೊಂದು ಅಂಗಡಿಗೆ ಕೊಟ್ಟುಬಂದೆ. ಜಾಣತನ ಮಾಡಿದೆ ಎಂದುಕೊಂಡೆ. ಹಬ್ಬದ ಗದ್ದಲದಲ್ಲಿ ಕೈ ಸಾಲದೆ ಆ ಅಂಗಡಿಯವನು ಹೆಚ್ಚಿನ ಸೀರೆಗಳನ್ನು ವೈನಿಗೇ ಕಳಿಸಿದ. ಗಂಟು ಬಿಚ್ಚಿದರೆ ನೇರಳೆ ಸೀರೆ. ಅದಕ್ಕೆ ಚುಚ್ಚಿದ ಚೀಟಿಯಲ್ಲಿ ನನ್ನ ಹೆಸರು.

"ಏನಪಾ ಇದು? ಯಾರಿಗೆ?"

"ಒಂದ ಹುಡುಗಿ ಅದಾಳ್ರಿ ವೈನಿ. ಖಾನಾಪುರದಾಕಿ."

"ಅಯ್ಯ ನನ್ನಪ್ಪಾ! ಮೂವತ್ತ ತುಂಬಿದ ಮ್ಯಾಲ ಬಾಯಿ ಬಿಟ್ಟಿ! ಮನಿ ಎಲ್ಲಿ ಐತಿ?"

ಸುಳ್ಳು ಕಟ್ಟುವುದಕ್ಕೂ ತಲೆ ಬೇಕು. ಬೇರೇನೂ ಹೊಳೆಯದೆ, ನನಗೆ ಗೊತ್ತಿದ್ದ ಆ ಮನೆಯ ಗುರುತನ್ನೇ ಹೇಳಿಬಿಟ್ಟೆ. ಬಸ್ ಸ್ಟ್ಯಾಂಡಿನ ಹಿಂದಿನ ಓಣಿ, ಹಸಿರು ಬಾಗಿಲು. ಅರ್ಧ ತಾಸಿನ ಆ ಕೆಲಸವನ್ನು ವೈನಿ ಎರಡು ದಿನ ಮಾಡಿದರು. "ನನ್ನ ನೆಗೆಣ್ಣಿ ಆಗಾಕಿ ಸೀರಿ, ಸುಕ್ಕು ಬೀಳಬಾರದು" ಎಂದು ಬಿಚ್ಚಿ ಬಿಚ್ಚಿ ಹಚ್ಚಿದರು. ನಾನು ಅದನ್ನು ಒಯ್ದು ಹಸಿರು ಬಾಗಿಲಲ್ಲಿ ಕೊಟ್ಟು ಬಂದೆ.

ಹಬ್ಬ ಕಳೆದ ಒಂದು ಭಾನುವಾರ, ಎಂದೂ ಥಿಯೇಟರಿನ ಮೆಟ್ಟಿಲು ಹತ್ತದ ವೈನಿ "ಪಿಚ್ಚರ್ ನೋಡೂಣು ನಡಿ" ಎಂದರು. ಅಣ್ಣನಿಗೆ ಅಂದೂ ಓವರ್‌ಟೈಮ್. ಇಬ್ಬರೇ ಮಧ್ಯಾಹ್ನದ ಆಟಕ್ಕೆ ಹೋದೆವು. ಮದುವೆಯಾಗಿ ಇಪ್ಪತ್ತೈದು ವರ್ಷವಾದ ಗಂಡ ಹೆಂಡತಿಯ ಕಥೆ. ಗಂಡನಿಗೆ ಇನ್ನೊಬ್ಬಳಿದ್ದಾಳೆ. ಅವನ ಗೆಳೆಯ ದಿನವೂ ಮನೆಗೆ ಬಂದು ಅದನ್ನು ಮುಚ್ಚಿಹಾಕುತ್ತಾನೆ. ನಾನು ಕುರ್ಚಿಯಲ್ಲಿ ಸಣ್ಣಗಾಗುತ್ತಿದ್ದೆ. ಇಂಟರ್‌ವಲ್ ಆಯಿತು.

"ಗಂಡ ತಪ್ಪಿದ. ಅದು ಅವರಿಬ್ಬರದು" ಎಂದರು ವೈನಿ. "ಆ ದೋಸ್ತ ಅದಾನಲ್ಲ, ಅಕಿ ಕೊಟ್ಟ ಚಹಾ ಕುಡಕೋತ ಸುಳ್ಳ ಹೇಳತಾನ. ಅವಂಗ ಏನಂತಿ ತಮ್ಮಾ?"

ನನ್ನ ಮುಖ ನೋಡಲಿಲ್ಲ. ಬರಿಯ ಪರದೆಯನ್ನು ನೋಡುತ್ತ ಕಾಯುತ್ತಿದ್ದರು.

"ಸಮೋಸಾ ತರಲ್ಯಾ ವೈನಿ?" ಎಂದೆ.

ಬರೆದು ರೂಢಿಯಿಲ್ಲದ ನಾನು ಇಷ್ಟೆಲ್ಲ ಬರೆಯುತ್ತಿರುವುದು ಆ ಒಂದು ಮಾತಿಗಾಗಿ. ಒಪ್ಪಿಕೊಳ್ಳಲು ಅವರು ಜಾಗ ಮಾಡಿಕೊಟ್ಟಿದ್ದರು. ನಾನು ಎದ್ದು ಹೋಗಿ ಸಮೋಸಾ ತಂದೆ.

ವೈನಿ ಅದನ್ನು ಮುಟ್ಟಲಿಲ್ಲ. "ಬುಧವಾರ ಖಾನಾಪುರಕ್ಕ ಹೋಗಿದ್ನಿ" ಎಂದರು. "ನಿನಗ ಹೆಣ್ಣ ಕೇಳಾಕ. ಬಾಯಿ ಸಿಹಿಗೆ ಕುಂದಾ, ಹೂವ ತೊಗೊಂಡು. ಅಕಿ ಬಾಗಲಾ ತಗದ್ಲು, ಅದ ಸೀರಿ ಉಟ್ಟಿದ್ಲು. ಒಳಗ ಗೂಟಕ್ಕ ನಿಮ್ಮಣ್ಣನ ಅಂಗಿ. ನಾ ಯಾರಂತ ಹೇಳಿದ್ನಿ. 'ನೀವು ತೀರಕೊಂಡೀರಿ ಅಂತ ಅವರು ಹೇಳಿದ್ರಲ್ರೀ' ಅಂತ ಅಕಿ ಹೊಸ್ತಲಾ ಮ್ಯಾಲ ಕುಂತಬಿಟ್ಲು. ಅಕಿಗೆ ನಾನ ನೀರ ಕುಡಿಸಿದ್ನಿ."

ನನ್ನ ಬಾಯಿಂದ ಬಂದದ್ದು ಒಂದೇ ಮಾತು. "ಕುಂದಾ?"

"ಅಲ್ಲೇ ಬಿಟ್ಟ ಬಂದ್ನಿ. ಹೆಣ್ಣ ಕೇಳಾಕ ಒಯ್ದದ್ದ ಹೊಳ್ಳಿ ತರಬಾರದು." ದೀಪ ಆರಿತು. "ಸುಮ್ಮ ಕುಂದರು. ಅಕಿ ಮುಂದ ಏನ ಮಾಡತಾಳ ನೋಡೂಣು."

ಪರದೆಯ ಮೇಲಿನ ಹೆಂಡತಿ ಗಂಡನ ಎದೆಗೆ ಒರಗಿ ಅತ್ತಳು, ಕಥೆ ಮುಗಿಯಿತು. ವೈನಿ ಮರುವಾರವೇ ಎರಡು ಓಣಿ ಆಚೆ ಬಾಡಿಗೆ ಖೋಲಿ ಹಿಡಿದು ಹೊಲಿಗೆ ಮಷೀನು ಒಯ್ದರು. ಖಾನಾಪುರದ ಬಾಗಿಲೂ ಅಣ್ಣನಿಗೆ ಮುಚ್ಚಿತು. ಅವನು ಪ್ರತಿ ಭಾನುವಾರ ವೈನಿಯ ಖೋಲಿಯ ಮೆಟ್ಟಿಲ ಮೇಲೆ ಹೋಗಿ ಕೂತ. ಒಂದು ವರ್ಷ ಚಹಾ ಹೊರಗೇ ಬಂತು. ಈಗ ಒಳಗೆ ಕರೆದು ಉಣ್ಣಲು ಕೊಡುತ್ತಾರೆ, ಅವನು ತನ್ನ ತಾಟು ತೊಳೆದಿಟ್ಟು ಬರುತ್ತಾನೆ. ಮುಂದೇನು ಎಂದು ಓಣಿಯ ಹೆಂಗಸರು ಕೇಳಿದರೆ, "ಕಚ್ಚಾ ಹೊಲಿಗಿ ಹಾಕೇನಿ. ನಿಂತ್ರ ಪಕ್ಕಾ ಮಾಡೂಣು" ಎನ್ನುತ್ತಾರೆ.

ನನ್ನೊಡನೆ ಮಾತ್ರ ಮಾತಿರಲಿಲ್ಲ. ಸೀರೆಯ ಗಂಟು ಅಂಗಡಿಗೆ ಮುಟ್ಟಿಸಲು ಹೋದರೆ ಅದನ್ನು ಹೊಸ್ತಿಲಲ್ಲಿಟ್ಟು ಒಳಗೆ ಹೋಗುತ್ತಿದ್ದರು. ಅಣ್ಣನನ್ನು ಒಳಗೆ ಕರೆದ ಮೇಲೂ ನನ್ನನ್ನು ಕರೆಯಲಿಲ್ಲ. ಕಳೆದ ತಿಂಗಳು ಒಂದು ಮುಂಜಾನೆ, ಗಂಟು ಕೊಡುತ್ತ, "ನಾಳೆ ಇಸ್ತ್ರಿ ಅಂಗಿ ಹಾಕ್ಕೊಂಡ ಬಾ. ಹಲಸಿಗೆ ಹೋಗೂದೈತಿ" ಎಂದರು.

ಖಾನಾಪುರದಾಚೆಯ ಹಲಸಿ ಊರಿನಲ್ಲಿ ವೈನಿ ನನಗೆಂದು ನೋಡಿದ್ದ ಹುಡುಗಿಯ ಮನೆ. ಅವಳ ಅಪ್ಪ, ಅಜ್ಜಿ ಕೂತಿದ್ದರು. ಹುಡುಗಿ ಚಹಾ ತಂದಿಟ್ಟು ಬಾಗಿಲಿಗೆ ನಿಂತಳು. ಹುಡುಗನ ಬಗ್ಗೆ ಹೇಳ್ರಿ ಎಂದರು ಅಪ್ಪ.

"ಏಳನೇತ್ತೆ ಕಲತಾನ. ಟೆಂಪೋ ಹೊಡೀತಾನ. ಕುಡಿಯೂದಿಲ್ಲ. ನನಗ ಮೂರ ವರ್ಷ ಸುಳ್ಳ ಹೇಳ್ಯಾನ."

"ಏನ್ ಸುಳ್ಳ್ರೀ?" ಎಂದರು ಅಪ್ಪ.

"ಅವನ ಬಾಯಲೇ ಕೇಳ್ರಿ."

ಹೇಳಿದೆ. ಓವರ್‌ಟೈಮಿನಿಂದ ಸಮೋಸಾದವರೆಗೆ ಎಲ್ಲ ಹೇಳಿದೆ. ಚಹಾದ ಮೇಲೆ ಕೆನೆ ಕಟ್ಟಿತು. ಅಜ್ಜಿ ವೈನಿಯ ಕಡೆ ತಿರುಗಿ, "ಇಂಥಾವನ್ನ ನೀ ಯಾಕ ಕರಕೊಂಡ ಬಂದಿಯವಾ?" ಎಂದರು.

"ಮತ್ತ ಯಾರ ಕರಕೊಂಡ ಬರಬೇಕ್ರಿ? ನಾನ ಬೆಳಸೇನಲ್ಲ" ಎಂದರು ವೈನಿ.

ಹುಡುಗಿ ಬಂದು ನನ್ನ ಕಪ್ಪನ್ನು ಎತ್ತಿಕೊಂಡಳು. "ಆರೇತಿ. ಬಿಸಿ ಮಾಡಿ ತರತೇನಿ" ಎಂದು ಒಳಗೆ ಹೋದಳು.

ತಿರುಗಿ ಬರುವಾಗ ವೈನಿ ಟೆಂಪೋದಲ್ಲಿ ನನ್ನ ಪಕ್ಕ ಕೂತಿದ್ದರು. ಸ್ವಲ್ಪ ದೂರ ಬರುವಷ್ಟರಲ್ಲಿ ಸೆರಗು ಹೊದ್ದು, ನನ್ನ ಭುಜಕ್ಕೆ ತಲೆಯಿಟ್ಟು ನಿದ್ದೆಹೋದರು. ಖಾನಾಪುರದ ಬಸ್ ಸ್ಟ್ಯಾಂಡ್ ದಾಟುವಾಗಲೂ ಎಚ್ಚರವಾಗಲಿಲ್ಲ. ಹಿಂದಿನ ಬಸ್ಸು ಹಾರ್ನ್ ಹೊಡೆಯುತ್ತಲೇ ಇತ್ತು. ಭುಜ ಅಲುಗಿಸದೆ, ಬೆಳಗಾವಿಯವರೆಗೂ ಮೆಲ್ಲಗೇ ಹೊಡೆದೆ.