ಪಟಗಾರ ಮಾಸ್ತರರ ಹೊಟ್ಟೆಕಿಚ್ಚು ಮತ್ತು ಗುಡ್ಡದ ಪಾಲು

ಉತ್ತರ ಕನ್ನಡದ ಕರಾವಳಿಯಲ್ಲಿ ಜೀವಶಾಸ್ತ್ರ ಪಾಠ ಮಾಡಿ ಸೇವೆ ಮುಗಿಸಿದವರು ಬಹಳ ಮಂದಿ ಇದ್ದಾರೆ. ಪೇಟೆಯ ಊಟದ ಎಲೆಯ ಮೇಲೆ ಏನನ್ನು ಬಡಿಸಬೇಕು, ಏನನ್ನು ಬಡಿಸಬಾರದು ಎಂಬುದನ್ನೇ ಬದಲಿಸಿ ಸೇವೆ ಮುಗಿಸಿದವರು ನಾವು ಕಂಡಂತೆ ಶ್ರೀ ದಿನಕರ ಪಟಗಾರರೊಬ್ಬರೇ. ಈ ಅಭಿನಂದನ ಸಂಪುಟದ ಇತರ ಲೇಖನಗಳು ಅವರ ಸರಳತೆಯನ್ನೂ ಶಿಸ್ತನ್ನೂ ನಿಷ್ಕಳಂಕ ನಡತೆಯನ್ನೂ ಮನತುಂಬಿ ಕೊಂಡಾಡಿವೆ. ಅದೆಲ್ಲ ನಿಜವೇ. ಆದರೆ ಅವರ ಗುಣಗಳಲ್ಲೆಲ್ಲ ದೊಡ್ಡದಾದ ಒಂದನ್ನು ಎಲ್ಲರೂ ಸಂಕೋಚಕ್ಕೆ ಬಿಟ್ಟಿದ್ದಾರೆ. ಅದು ಅವರ ಹೊಟ್ಟೆಕಿಚ್ಚು. ಅದನ್ನು ಹೊಗಳುವ ಭಾಗ್ಯ ಹತ್ತು ವರ್ಷ ಅವರ ಪಕ್ಕದ ಕುರ್ಚಿಯಲ್ಲಿ ಕೂತ ಸಹೋದ್ಯೋಗಿಯ ಪಾಲಿಗೆ ಬಂದಿದೆ.

ಕುಮಟಾ ತಾಲೂಕಿನ ಕಾಗಾಲದಲ್ಲಿ, ಹೊಳೆಯ ಉಪ್ಪುನೀರು ಹತ್ತಿ ಇಳಿಯುವ ಗಜನಿ ಗದ್ದೆಯ ಮನೆತನದಲ್ಲಿ ಹುಟ್ಟಿದ ಪಟಗಾರರು ಮೊದಲು ಭಟ್ಕಳದಲ್ಲಿಯೂ ಬಳಿಕ ಹೊನ್ನಾವರದಲ್ಲಿಯೂ ಶಿಕ್ಷಕರಾಗಿ ದುಡಿದರು. ಹೊನ್ನಾವರದಲ್ಲಿ ಲಕ್ಕಿ ಎಂಬ ಹುಡುಗಿ ಒಂಬತ್ತನೆಯ ತರಗತಿಗೆ ಶಾಲೆ ಬಿಟ್ಟಾಗ ಅವರು ಸಂಜೆ ಸಂಜೆ ಅವಳ ಮನೆಯಂಗಳಕ್ಕೆ ಹೋಗಿ ಕೂತು, ತಾಯಿ ಒಪ್ಪುವವರೆಗೂ ಏಳಲಿಲ್ಲ. ಈಗ ಆಕೆ ಭಟ್ಕಳದಲ್ಲಿ ನರ್ಸು. ಮಾಸ್ತರರ ಕರುಣೆ ಎಂದು ಊರು ಹೇಳಿತು. ಪಕ್ಕದ ಶಾಲೆಯ ಹೆಡ್‌ಮಾಸ್ತರರು ಹೀಗೆಯೇ ಒಬ್ಬಳನ್ನು ಮರಳಿ ಕರೆತಂದದ್ದು ಪೇಪರಿನಲ್ಲಿ ಬಂದು, ಅದನ್ನು ಓದಿದ ಪಟಗಾರರಿಗೆ ಚಹಾ ಗಂಟಲಲ್ಲಿ ಇಳಿಯದೇ ಹೋಗಿತ್ತು ಎಂಬುದು ನಮಗೆ ಅವರ ಬಾಯಿಂದಲೇ ತಿಳಿದ ಸಂಗತಿ. ತನ್ನ ಹೊಟ್ಟೆಯುರಿಯನ್ನು ಇಷ್ಟು ಪ್ರಾಮಾಣಿಕವಾಗಿ ಸ್ಟಾಫ್ ರೂಮಿನಲ್ಲಿ ಹಂಚಿಕೊಂಡ ಮನುಷ್ಯನನ್ನು ನಾವು ಬೇರೆಡೆ ಕಾಣೆವು.

೧೯೯೭ರಲ್ಲಿ ಅವರು ಕುಮಟೆಗೆ ವರ್ಗವಾಗಿ ಬಂದು ಮನೆ ಹಿಡಿದದ್ದು ಕಂತ್ರಾಟುದಾರ ಯೋಗೇಶ ನಾಯ್ಕರ ಮನೆಯ ಪಕ್ಕದಲ್ಲಿ. ಆಗಿನ ಪೇಟೆಯಲ್ಲಿ ಒಂದು ಗುಟ್ಟಾದ ಮರ್ಯಾದೆ ನಡೆಯುತ್ತಿತ್ತು. ಹಳ್ಳಿಯಲ್ಲಿ ಬೇಟೆಯಾದರೆ ಕೋವಿ ಹಿಡಿದವನಿಗೆ, ಕಾಡು ಸೋವಿ ಪ್ರಾಣಿ ಎಬ್ಬಿಸಿದವರಿಗೆ, ನಾಯಿ ತಂದವನಿಗೆ ಪಾಲು ಹಾಕುವುದು ಹಳೆಯ ರೂಢಿ. ಕಾನೂನು ಬಂದು ಬೇಟೆ ನಿಂತಿರಬೇಕಾಗಿದ್ದ ಕಾಲದಲ್ಲಿ ಆ ಪಾಲು ಘಟ್ಟದ ಬುಡದಿಂದ ಪೇಟೆಗೆ ಇಳಿದಿತ್ತು. ಕಾಡುಹಂದಿಯೋ ಕಾಡುಕುರಿಯೋ ಬಿದ್ದ ವಾರ ಹೆಚ್ಚಿನದು ಕದ್ದು ಹೋಟೆಲುಗಳಿಗೆ ಹೋದರೆ, ಒಳ್ಳೆಯ ತುಂಡುಗಳು ಸ್ಟೀಲಿನ ಡಬ್ಬಿಯಲ್ಲಿ ಊರಿನ ದೊಡ್ಡವರ ಮನೆಗೆ ಹೋಗುತ್ತಿದ್ದವು. ಇದಕ್ಕೆ ಗುಡ್ಡದ ಪಾಲು ಎಂದು ಹೆಸರು. ಯಾರ ಮನೆಗೆ ಡಬ್ಬಿ ಬಂತೋ ಅವರು ಲೆಕ್ಕಕ್ಕೆ ಇರುವವರು. ಯೋಗೇಶ ನಾಯ್ಕರ ಮನೆಗೆ ಡಬ್ಬಿ ತಪ್ಪುತ್ತಿರಲಿಲ್ಲ. ಮಾಸ್ತರರ ಮನೆಗೆ ಅದು ಒಮ್ಮೆಯೂ ಬರಲಿಲ್ಲ.

ಭಾನುವಾರ ಬೇಲಿಯಾಚೆಯಿಂದ ಮಸಾಲೆ ಹುರಿದ ವಾಸನೆ ಬಂದರೆ ಪಟಗಾರರು ಕಿಟಕಿ ಮುಚ್ಚುತ್ತಿದ್ದರು, ಮರುಗಳಿಗೆಯಲ್ಲಿ ಎದ್ದು ತೆರೆಯುತ್ತಿದ್ದರು. ಪತ್ನಿ ಗಂಗಾ ಅಮ್ಮನವರು ಒಂದು ದಿನ ಕೇಳಿಯೇಬಿಟ್ಟರು.

“ಎಂತಾ ಆತು ನಿಮ್ಗೆ? ಪಾಲು ತಂದ್‌ಕೊಟ್ರೆ ತಿಂತ್ರಾ ನೀವು?”

“ತಿನ್ನೂದಿಲ್ಲ. ಆ ಪಾಪದ ಪ್ರಾಣಿಯ ಮಾಂಸ ನನ್ನ ಗಂಟ್ಲಲ್ಲಿ ಇಳೀತದ್ಯಾ?”

“ಮತ್ತೆ ಎಂತಕ್ಕೆ ಸಂಕ್ಟ?”

“ನಾ ಬ್ಯಾಡ ಅನ್ನೂಕಾದ್ರೂ ಅವ್ರು ಕೊಡೂಕೆ ಬರಬೇಕಿತ್ತಲ್ಲ!”

ಈ ಮಾತಿಗೆ ಸ್ಟಾಫ್ ರೂಮು ಎಷ್ಟೋ ದಿನ ನಕ್ಕಿತು. ಆದರೆ ಪಟಗಾರರ ತಲೆ ಅಲ್ಲಿಗೇ ನಿಲ್ಲಲಿಲ್ಲ. ತಿನ್ನುವ ಆಸೆಯೇ ಇಲ್ಲದ ತನಗೇ ಇಷ್ಟು ಉರಿ ಹತ್ತುವುದಾದರೆ, ಕೋಳಿ ಮೀನು ಯಥೇಚ್ಛ ಸಿಗುವ ಈ ಪೇಟೆಯಲ್ಲಿ ಜನ ಕಾಡಿನ ಮಾಂಸ ತಿನ್ನುವುದು ಹಸಿವಿಗೂ ಅಲ್ಲ, ರುಚಿಗೂ ಅಲ್ಲ, ಪಕ್ಕದ ಮನೆಯವನು ತಿಂದನೆಂಬ ಸಂಕಟಕ್ಕೆ ಎಂದು ಅವರಿಗೆ ಹೊಳೆಯಿತು. ಸಿಕ್ಕಿಬಿದ್ದರೆ ಸಿಕ್ಕಿಬೀಳುವವನು ಗುಡ್ಡದವನು, ತಿಂದು ಕೈ ತೊಳೆಯುವವನು ಪೇಟೆಯವನು. ಪೇಟೆಯ ಬಾಯಿ ಸುಮ್ಮನಾಗದೆ ಗುಡ್ಡದ ಕೋವಿ ಸುಮ್ಮನಾಗದು ಎಂದು ಅವರು ಶಾಲೆಯಲ್ಲೂ ಸಂಘಗಳಲ್ಲೂ ಭಾಷಣ ಮಾಡತೊಡಗಿದರು. ಕೇಳಿದವರು ಹೊರಗೆ ಬಂದು, “ಮಾಸ್ತರ್ರಿಗೆ ಪಾಲು ಹೋಗೂದಿಲ್ಲಲ, ಅದ್ಕೇ ಈ ಉರಿ” ಎಂದರು. ಅರ್ಧ ನಿಜವಾದ ಮಾತು ಪೂರ್ತಿ ಸುಳ್ಳಿಗಿಂತ ಹೆಚ್ಚು ಚುಚ್ಚುತ್ತದೆ. ಅವರು ಭಾಷಣ ನಿಲ್ಲಿಸಿದರು.

ನಿಲ್ಲಿಸಿ ಮಾಡಿದ್ದೇನು? ಕಾಗಾಲದ ಗಜನಿಯಲ್ಲಿ ಭತ್ತದ ಕೊಯ್ಲಾದ ಮೇಲೆ ಶೆಟ್ಲಿ ಎಂದರೆ ಸಿಗಡಿ, ಜೊತೆಗೆ ಏಡಿ ಹಿಡಿಯುತ್ತಾರೆ. ೧೯೯೯ರ ಕೊನೆಗೆ ತಮ್ಮ ಮನೆತನಕ್ಕೆ ಬಂದ ಆ ಪಾಲಿನಲ್ಲಿ ಜೀವಂತ ಏಡಿಗಳನ್ನೂ ಬೆರಳುದ್ದದ ಶೆಟ್ಲಿಯನ್ನೂ ಬಾಳೆಲೆಯಲ್ಲಿ ಕಟ್ಟಿಸಿ, ಗುಡ್ಡದ ಪಾಲು ಬೇಡವೆಂದ ಮನೆಗಳಿಗೆ ಮಾತ್ರ ‘ಗಜನಿ ಪಾಲು’ ಎಂದು ಕಳಿಸಿದರು. ಹಗಲಲ್ಲಿ, ಎಲ್ಲರೂ ನೋಡುವಂತೆ, ನಡುಬೀದಿಯಲ್ಲಿ. ದುಡ್ಡು ಕೊಡುತ್ತೇವೆಂದು ಬಂದವರನ್ನು ಹಾಗೆಯೇ ಕಳಿಸಿದರು. ಕೇಳಿ ಪಡೆಯುವಂಥದಲ್ಲ, ಕೊಂಡು ತರುವಂಥದಲ್ಲ ಎಂದಾಗ ಬೀದಿಗೆ ಉರಿ ಹತ್ತಿತು. ಮೊದಲು ವಕೀಲರ ಮನೆ, ಆಮೇಲೆ ಡಾಕ್ಟರ ಮನೆ, ಒಂದರ ಹಿಂದೆ ಒಂದು ಸ್ಟೀಲಿನ ಡಬ್ಬಿಯನ್ನು ಬಾಗಿಲಿನಿಂದಲೇ ತಿರುಗಿಸಿದವು. ನಾಯ್ಕರ ಮನೆಯೊಂದು ಬಾಕಿ ಉಳಿಯಿತು. ಬಾಕಿ ಉಳಿದದ್ದರಿಂದ ಪಟಗಾರರಿಗೆ ಒಳಗೊಳಗೇ ಸಂತೋಷವೂ ಇತ್ತೆಂದು ಹೇಳದಿದ್ದರೆ ಈ ಲೇಖನಕ್ಕೆ ಲೋಪ.

೨೦೦೪ರ ಮೇ ತಿಂಗಳಲ್ಲಿ ನಾಯ್ಕರ ಮಗಳು, ಪಟಗಾರರ ಶಿಷ್ಯೆಯೂ ಆದ ದಿವ್ಯಶ್ರೀಯ ಮದುವೆ ಗೊತ್ತಾಯಿತು. ಗಂಡಿನ ಕಡೆಯವರು ಹೊನ್ನಾವರದವರು. ಮದುವೆಯ ಮಾರನೆಯ ದಿನದ ಬೀಗರ ಊಟಕ್ಕೆ ನಾಯ್ಕರು ಕಾಡುಹಂದಿಗೆ ಹೇಳಿದ್ದಾರೆಂಬ ಸುದ್ದಿ ಬೇಲಿ ದಾಟಿ ಬಂತು. ಆ ಊಟಕ್ಕೆ ಇಡೀ ಪೇಟೆಯೇ ಕೂರುವುದಿತ್ತು. ಅಂದು ಎಲೆಗೆ ಹಂದಿ ಬಿದ್ದರೆ, ಡಬ್ಬಿ ತಿರುಗಿಸಿದ ಮನೆಗಳೆಲ್ಲ ಮರುದಿನವೇ ಮರಳಿ ಡಬ್ಬಿ ಕೇಳುತ್ತವೆ; ಐದು ವರ್ಷದ ಕೆಲಸ ಒಂದು ಪಂಕ್ತಿಯಲ್ಲಿ ಮಣ್ಣುಪಾಲಾಗುತ್ತದೆ. ಪಟಗಾರರು ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಮೂರನೆಯ ದಿನ ಮಧ್ಯಾಹ್ನ, ಏಳು ವರ್ಷದಲ್ಲಿ ಮೊದಲ ಬಾರಿಗೆ, ನಾಯ್ಕರ ಮನೆಯ ಮೆಟ್ಟಿಲು ಹತ್ತಿದರು.

ನಾಯ್ಕರು ಮುಖ ಕೊಟ್ಟು ಮಾತಾಡಲಿಲ್ಲ. “ಬೀಗರು ನಿಶ್ಚಿತಾರ್ಥಕ್ಕೆ ಹಂದಿ ಮಾಡಿದ್ರು, ಮಾಸ್ತರ್ರೇ. ನಾ ಬರೀ ಕೋಳಿ ಹಾಕಿದ್ರೆ ಮುಖ ಎಲ್ಲಿ ಇಟ್ಕಳ್ಳೂದು?”

“ಹಂದಿ ಹಾಕಿದ್ರೆ ನೀವೂ ಅವ್ರ ಹಾಂಗೇ ಅಂತ ಆಗ್ತದೆ, ಅಷ್ಟೇ. ಅವ್ರಿಗಿಂತ ಮೇಲೆ ಅಂತ ಆಗೂದಿಲ್ಲ. ಇಷ್ಟು ದೊಡ್ಡ ಬೀಗರ ಊಟದಲ್ಲಿ ಗುಡ್ಡದ್ದು ಬೇಡ ಅಂತ ಎದ್ದು ನಿಂತು ಹೇಳಿದವ್ರು ಕುಮಟೆ, ಹೊನ್ನಾವರ, ಭಟ್ಕಳ ಮೂರೂ ತಾಲೂಕಲ್ಲಿ ಯಾರಿದಾರೆ ಹೇಳಿ?”

ನಾಯ್ಕರು ಈಗ ಮುಖ ತಿರುಗಿಸಿ ಮಾಸ್ತರರನ್ನು ನೋಡಿದರು. “ಹೆಸ್ರು ನಿಮ್ಗೇ ಹೋಗ್ತದಲ? ಪಟಗಾರ ಮಾಸ್ತರ್ರು ಮಾಡ್ಸಿದ್ರು ಅಂತ್ರು ಜನ. ನಿಮ್ಮ ಗಜನಿ ಪಾಲು ನಮ್ಮನೆ ಒಂದ್ ಬಿಟ್ಟು ಎಲ್ಲ ಕಡೆ ಹೋಗೂದ ನಾ ಕಂಡಿಲ್ವಾ? ನೀವು ಯಾರ ಹತ್ರೂ ಬಾಯ್ ಬಿಡ್ಬಾರ್ದು. ಕಡೇ ಪಂಕ್ತಿಲಿ ಕೂತ್ಕಬೇಕು. ಆತಾ?”

ಮೂರು ತಾಲೂಕಿನ ಹೊಗಳಿಕೆಯನ್ನು, ಅದೂ ತಾವು ಎಲ್ಲರಿಗಿಂತ ಹೆಚ್ಚು ಕರುಬಿದ ಮನುಷ್ಯನಿಗೆ, ಕೈಯಾರೆ ಎತ್ತಿಕೊಡಬೇಕಾಗಿತ್ತು. ಪಟಗಾರರು ಎದ್ದು ಬಾಗಿಲವರೆಗೆ ಹೋಗಿ ತಿರುಗಿ ಬಂದರು. ಕಡೆಗೆ “ಆತು” ಎಂದರು. ಅಷ್ಟೇ ಅಲ್ಲ, ಬೀಗರ ಊಟಕ್ಕೆ ಬೇಕಾದ ಏಡಿಯನ್ನೂ ಶೆಟ್ಲಿಯನ್ನೂ ಕಾಗಾಲದಿಂದ ತಾವೇ ಹೊಂದಿಸಿ ನಾಯ್ಕರ ಹೆಸರಿನಲ್ಲೇ ಅಡುಗೆಯ ಚಪ್ಪರಕ್ಕೆ ತಲುಪಿಸಿದರು.

ಊಟದ ದಿನ ಯೋಗೇಶ ನಾಯ್ಕರು ಎದ್ದು ನಿಂತು, ನನ್ನ ಮಗಳ ಮದುವೆಗೆ ಒಂದು ಕಾಡುಜೀವವೂ ಸಾಯಲಿಲ್ಲ ಎಂದರು. ಚಪ್ಪಾಳೆ ಬಿತ್ತು. ಬೀಗರ ಮುಖ ಸಣ್ಣದಾಯಿತು. ಪೇಪರಿನಲ್ಲಿ ಫೋಟೋ ಬಂತು, ಹೊನ್ನಾವರದ ಸಭೆಯೊಂದರಲ್ಲಿ ಹಾರ ಬಿತ್ತು. ಆ ಸಭೆಗೆ ಪಟಗಾರರೂ ಹೋಗಿದ್ದರು. ಹಿಂದಿನ ಸಾಲಿನಲ್ಲಿ ಕೂತು ಚಪ್ಪಾಳೆ ತಟ್ಟಿ, ಮನೆಗೆ ಬಂದು ಗಂಗಾ ಅಮ್ಮನವರ ಮುಂದೆ, “ಆ ಹಾರ ನಂದು ಕಣೇ” ಎಂದು ಕಣ್ಣಲ್ಲಿ ನೀರು ತಂದುಕೊಂಡರಂತೆ. ಬೀದಿಯಲ್ಲಿ ಮಾತ್ರ ತುಟಿ ಬಿಚ್ಚಲಿಲ್ಲ.

ಮುಂದಿನದನ್ನು ಹೊಟ್ಟೆಕಿಚ್ಚೇ ನೋಡಿಕೊಂಡಿತು. ನಾಯ್ಕರಿಗೆ ಬಿದ್ದ ಹಾರ ನೋಡಲಾರದೆ ಹೊನ್ನಾವರದ ಹೋಟೆಲಿನವರೊಬ್ಬರು ‘ಇಲ್ಲಿ ಕಾಡುಮಾಂಸ ಸಿಗುವುದಿಲ್ಲ’ ಎಂದು ಹೆಮ್ಮೆಯಿಂದ ಬೋರ್ಡು ಹಾಕಿದರು. ಅದನ್ನು ನೋಡಲಾರದೆ ಭಟ್ಕಳದವರೊಬ್ಬರು ಅದಕ್ಕಿಂತ ದೊಡ್ಡ ಬೋರ್ಡು ಹಾಕಿದರು. ಪೂರ್ತಿ ನಿಂತಿತೆಂದು ಹೇಳಿದರೆ ಸುಳ್ಳಾದೀತು. ಕದ್ದು ತಿನ್ನುವವರು ಈಗಲೂ ಇದ್ದಾರೆ. ಆದರೆ ತಿಂದೆನೆಂದು ಬೀಗುವವರು ಕಡಿಮೆಯಾದರು, ಬೀಗಲಾಗದ ಮೇಲೆ ಕೇಳುವವರೂ ಕಡಿಮೆಯಾದರು.

ಈ ವರ್ಷ ನಿವೃತ್ತಿಯ ನಿಮಿತ್ತ ಈ ಸಂಪುಟಕ್ಕೆ ಸಿದ್ಧತೆ ನಡೆದಾಗ, ಬೀಗರ ಊಟದ ಸಂಗತಿ ಬರೆಯಲು ಪಟಗಾರರು ಸುತರಾಂ ಒಪ್ಪಲಿಲ್ಲ. “ಆತು ಅಂದದ್ದು ಆತು” ಎಂದುಬಿಟ್ಟರು. ನಾವು ಕೈಬಿಟ್ಟಿದ್ದೆವು. ಅಷ್ಟರಲ್ಲಿ ಯೋಗೇಶ ನಾಯ್ಕರೇ ಶಾಲೆಗೆ ಬಂದು ನಮ್ಮೆದುರು ಕೂತರು.

“ಬರೀರಿ. ಅವ್ರು ಹೇಳೂದಿಲ್ಲ, ನಾ ಹೇಳ್ತೆ. ಅಂದು ಮಾಸ್ತರ್ರು ಆತು ಅಂದ್ರಲ, ಅವತ್ತಿಂದ ನಂಗೆ ಹೊಟ್ಟೆ ಉರಿ. ಎಷ್ಟ್ ಹಾರ ಬಿದ್ರೂ ಆರ್ಲಿಲ್ಲ. ಅವ್ರ ಜಾಗದಲ್ಲಿ ನಾನಿದ್ರೆ ಹಂಗೆ ಬಿಟ್ಕೊಡ್ತಿದ್ನಾ? ಇಲ್ಲ. ಅದ್ಕೇ ಉರಿ.”

ಪಟಗಾರ ಮಾಸ್ತರರು ಗಂಗಾ ಅಮ್ಮನವರೊಡನೆ ನೂರು ಕಾಲ ಬಾಳಲಿ. ಊರೂರು ತಿರುಗಿ ಇನ್ನಷ್ಟು ಮನೆಗಳ ಎಲೆಯನ್ನು ಹಸನು ಮಾಡಲಿ. ನಾಯ್ಕರು ಹೇಳಿದ್ದನ್ನು ಕೇಳಿದ ಮೇಲೆ ಮಾಸ್ತರರ ಬಗ್ಗೆ ನಮಗೂ ಅದೇ ಉರಿ ಹತ್ತಿಕೊಂಡಿದೆ; ಅದು ಬೇಗ ಆರದಿರಲಿ.