ಪಂಕ್ತಿಯ ತಲೆಯಲ್ಲಿ ಕೂತ ಮೊಣಗಂಟು

ಬರೆಯಿರಿ ಮಾವ, ಬರೆಯಿರಿ ಎಂದು ಒಂದು ವಾರದಿಂದ ನನ್ನ ತಲೆ ತಿನ್ನುತ್ತಿರುವುದು ಅಣ್ಣನ ಸೊಸೆ ವಿದ್ಯಾ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ಜೀಪು ಓಡಿಸಲು ಹೋದವನಿಗೆ ಫೇಸ್‌ಬುಕ್ಕಿನ ಉಸಾಬರಿ ಯಾಕೆ? ಒಂದೇ ಬೆರಳಲ್ಲಿ ಒತ್ತುತ್ತಿದ್ದೇನೆ. ತಪ್ಪು ಹುಡುಕುವವರು ಇಲ್ಲಿಗೇ ನಿಲ್ಲಿಸಿ.

ವಿಷಯ ನನ್ನ ಎಡಗಾಲಿನ ಮೊಣಗಂಟು.

ಕಳೆದ ತಿಂಗಳು ನೆಕ್ರಾಜೆಯಲ್ಲಿ ಅಣ್ಣನ ಮಗ ಶಂಕರನ ಮನೆಯಲ್ಲಿ ಪೂಜೆ ಇತ್ತು. ಅಂಗಳದ ಚಪ್ಪರದಲ್ಲಿ ಬಾಳೆಲೆ ಹಾಕಿ ನೆಲದ ಮೇಲೆ ಊಟ.

ಪಂಕ್ತಿಯ ತಲೆಯಲ್ಲಿ ಕೂರುವುದು ಎಲ್ಲರಿಗಿಂತ ಹಿರಿಯವನು. ಅವನು ಎದ್ದ ಮೇಲೆಯೇ ಉಳಿದವರು ಏಳಬೇಕು, ಅದು ನಮ್ಮಲ್ಲಿ ಕ್ರಮ. ಇಷ್ಟು ವರ್ಷ ಅಲ್ಲಿ ಅಣ್ಣ ಕೂರುತ್ತಿದ್ದ. ಅವನು ತೀರಿಹೋದ ಮೇಲೆ ಆ ಜಾಗ ನನ್ನದು. ಇದು ಮೊದಲ ಸಲ.

ಕೂರುವಾಗ ಏನೂ ಆಗಲಿಲ್ಲ. ಮಜ್ಜಿಗೆ ಅನ್ನ ಮುಗಿಸಿ ಏಳಲು ನೋಡಿದರೆ... ಕಾಲು ನನ್ನದೇ ಅಲ್ಲ.

ಸ್ವಲ್ಪ ಹೊತ್ತು ಬಿಟ್ಟು ನೋಡುವ ಎಂದುಕೊಂಡು ಖಾಲಿ ಎಲೆಯನ್ನು ಬೆರಳಲ್ಲಿ ಸವರುತ್ತಾ ಕೂತೆ. ಬಡಿಸುವವರು ಇವರಿಗೆ ಪಾಯಸ ಸಾಲಲಿಲ್ಲ ಎಂದು ಗ್ರಹಿಸಿ ಪುನಃ ಪಾಯಸ ತಂದರು. ಬೇಡ ಎಂದರೆ ಏಳಬೇಕಲ್ಲ! ಬಡಿಸಿ ಎಂದೆ.

ನನಗೆ ಬಡಿಸಿದ ಮೇಲೆ ಸಾಲಿನುದ್ದಕ್ಕೂ ಬಡಿಸಿದರು. ಕೈ ಒಣಗಿಸಿಕೊಂಡು ಕೂತಿದ್ದವರು ಪಾಪ, ಮತ್ತೆ ಕೈ ಒದ್ದೆ ಮಾಡಿಕೊಂಡರು.

ಜಗಲಿಯಲ್ಲಿ ಎರಡನೇ ಪಂಕ್ತಿಗೆ ಕಾಯುವವರು ನನ್ನನ್ನೇ ನೋಡುತ್ತಿದ್ದಾರೆ. ಪೆರ್ಲದ ಬಸ್ಸು ಹಿಡಿಯಬೇಕಾದವನೊಬ್ಬ ತನ್ನ ಎಡಗೈಯ ವಾಚನ್ನು ನನಗೆ ಕಾಣುವ ಹಾಗೆ ತಿರುಗಿಸುತ್ತಿದ್ದಾನೆ.

ಪಕ್ಕದ ಎಲೆಯಲ್ಲಿ ನನ್ನ ಸೋದರತ್ತೆಯ ಮಗ ಗಣಪತಿ. ನನಗಿಂತ ಪ್ರಾಯದಲ್ಲಿ ಸ್ವಲ್ಪ ಸಣ್ಣವ, ಬಾಯಿ ಮಾತ್ರ ದೊಡ್ಡದು.

"ಎಂತ ಭಾವ, ಇವತ್ತು ಏಳುವ ಅಂದಾಜು ಉಂಟಾ?"

ಮರ್ಯಾದೆ ಬದಿಗಿಟ್ಟು, ಕಾಲು ಬರುವುದಿಲ್ಲ ಮಾರಾಯ, ಕ್ರಮ ಹಾಳಾಗಿ ಹೋಗಲಿ, ನೀನು ಎದ್ದು ಒಂದು ಕೈ ಕೊಡು ಎಂದು ಮೆಲ್ಲಗೆ ಹೇಳಿದೆ.

ಅವನ ಮುಖ ಬಾಡಿತು.

"ನಾನು ಹೇಗೆ ಏಳುವುದು? ನೀವು ಎದ್ದ ಮೇಲೆ ನಿಮ್ಮ ಹೆಗಲು ಹಿಡಿದು ಏಳುವ ಅಂತ ಕೂತದ್ದು ನಾನು."

ಅವನ ಆಚೆಗೆ ಕೂತಿದ್ದ ರಿಟೈರ್ಡ್ ಮಾಸ್ಟ್ರು ಇದನ್ನು ಕೇಳಿಸಿಕೊಂಡರು. ನಗಲಿಲ್ಲ. ಅವರು ಕೂತದ್ದು ಗಣಪತಿಯ ಹೆಗಲನ್ನು ನಂಬಿ.

ಆಗ ಒಳಗಿಂದ ವಿದ್ಯಾ ಒಂದು ಕೆಂಪು ಪ್ಲಾಸ್ಟಿಕ್ ಕುರ್ಚಿ ತಂದು ನನ್ನ ಬಗಲಿಗೆ ಇಟ್ಟಳು. ಹಿಡಿಯಬೇಕು ಎನ್ನುವಾಗ ಬಾಗಿಲಲ್ಲಿ ನಿಂತಿದ್ದ ನನ್ನ ಹೆಂಡತಿ ಎಂಜಲು ಕೈಯಲ್ಲಿ ಕುರ್ಚಿ ಮುಟ್ಟಬೇಡಿ ಎಂದು ಗದರಿದಳು. ಕಾಲು ಹೋದರೂ ಪರವಾಗಿಲ್ಲ, ಮಡಿ ಹೋಗಬಾರದು.

"ಕುರ್ಚಿ ತೊಳೆದರೆ ಆಯಿತು ಅತ್ತೆ," ಎಂದಳು ವಿದ್ಯಾ, "ಮಾವನ ಗಂಟು ತೊಳೆದರೆ ಸರಿಯಾಗುವುದಿಲ್ಲ."

ಚಪ್ಪರಕ್ಕೆ ಚಪ್ಪರವೇ ನಕ್ಕಿತು. ಅವಳು ಹೇಳಿದ ಹಾಗೆ ಬದಿಗೆ ತಿರುಗಿ, ಒಳ್ಳೆಯ ಕಾಲಿನ ಮೊಣಗಂಟನ್ನು ನೆಲಕ್ಕೆ ಊರಿ, ಕುರ್ಚಿ ಹಿಡಿದು ಎದ್ದೆ. ಪಂಕ್ತಿ ಎದ್ದಿತು. ಕುರ್ಚಿ ಗಣಪತಿಯ ಹತ್ತಿರ ಹೋಯಿತು, ಅಲ್ಲಿಂದ ಮಾಸ್ಟ್ರ ಹತ್ತಿರ.

ಮರುವಾರ ಶಂಕರ ನನ್ನನ್ನು ಕಾಸರಗೋಡಿಗೆ ಎಲುಬಿನ ಡಾಕ್ಟ್ರ ಹತ್ತಿರ ಕರೆದುಕೊಂಡು ಹೋದ. ಅಷ್ಟರವರೆಗೆ ಹೋಗದೆ ಇದ್ದದ್ದು ನೋವಿಲ್ಲ ಎಂದಲ್ಲ. ಹೋದರೆ ಆಪರೇಷನ್ ಎನ್ನುತ್ತಾರೆ ಎಂಬ ಹೆದರಿಕೆ.

ಡಾಕ್ಟ್ರು ಸಣ್ಣ ಪ್ರಾಯದ ಹೆಂಗಸು, ಮಲಯಾಳ ಬೆರೆಸಿದ ಕನ್ನಡ. ಎಕ್ಸ್‌ರೇ ನೋಡಿ ಗಂಟು ಸವೆದಿದೆ, ಆಪರೇಷನ್ ಈಗ ಬೇಡ ಎಂದರು. ತೊಡೆಗೆ ಬಲ ಬರಬೇಕು, ಹೊಟ್ಟೆ ಇಳಿಯಬೇಕು. ಕುರ್ಚಿಯಲ್ಲಿ ಕೂತು ಕಾಲು ನೆಟ್ಟಗೆ ಚಾಚಿ, ಸ್ವಲ್ಪ ಹೊತ್ತು ಹಾಗೇ ಹಿಡಿದು, ಇಳಿಸಬೇಕು. ದಿನಾ.

ಕಾಲು ಚಾಚುವುದನ್ನು ಕಲಿಯಲು ಇಷ್ಟು ದೂರ ಬರಬೇಕಿತ್ತಾ ಎಂದು ಕೇಳಿಯೇ ಬಿಟ್ಟೆ. ಇದು ಏರು ರಸ್ತೆಯಲ್ಲಿ ಕ್ಲಚ್ಚು ತುಳಿದು ಪಳಗಿದ ಕಾಲು, ಇದಕ್ಕೆ ವ್ಯಾಯಾಮ ಬೇರೆ ಯಾಕೆ?

"ಜೀಪನ್ನು ಸರ್ವಿಸಿಗೆ ಬಿಡುವುದು ದಾರಿಯಲ್ಲಿ ನಿಂತ ಮೇಲಾ ಅಜ್ಜ, ಮೊದಲಾ?"

ನನ್ನ ಜೀಪು ದಾರಿಯಲ್ಲಿ ನಿಂತದ್ದೇ ಕಮ್ಮಿ. ಸರ್ವಿಸಿಗೆ ಮೊದಲೇ ಬಿಡುತ್ತಿದ್ದೆನಲ್ಲ.

ಆದರೆ ಕೊನೆಗೆ ಹೇಳಿದ ಮಾತು ನನಗೆ ಹಿಡಿಸಲಿಲ್ಲ. ಇನ್ನು ಊಟಕ್ಕೆ ನೆಲದಲ್ಲಿ ಚಕ್ಕಳಮಕ್ಕಳ ಹಾಕಿ ಕೂರಬಾರದಂತೆ.

ನಮ್ಮಲ್ಲಿ ಟೇಬಲು ಹಾಕುವುದು ಹಿತ್ತಿಲ ಬದಿಗೆ, ಕಾಲು ಬಾರದವರಿಗೆ. ಪಂಕ್ತಿ ಯಾವಾಗ ಕೂತಿತು, ಯಾವಾಗ ಎದ್ದಿತು ಎಂದು ಅಲ್ಲಿಗೆ ಗೊತ್ತೇ ಆಗುವುದಿಲ್ಲ. ಅಣ್ಣನ ಜಾಗ ನನಗೆ ಸಿಕ್ಕಿದ್ದು ಒಂದೇ ಊಟಕ್ಕೋ?

ಈಗ ಸಂಜೆಯಾದರೆ ಗಣಪತಿ ನನ್ನಲ್ಲಿಗೆ ಬರುತ್ತಾನೆ, ಅವನ ಡಾಕ್ಟ್ರೂ ಅದನ್ನೇ ಹೇಳಿದ್ದಂತೆ. ಜಗಲಿಯಲ್ಲಿ ಕುರ್ಚಿ ಹಾಕಿ ಇಬ್ಬರೂ ಕಾಲು ಚಾಚುತ್ತೇವೆ. ದಾರಿಯಲ್ಲಿ ಹೋಗುವವರಿಗೆ ಅಡ್ಡಗಾಲು ಹಾಕಲು ಕೂತ ಹಾಗೆ ಕಾಣುತ್ತದೆ ಎನ್ನುತ್ತಾಳೆ ನನ್ನ ಹೆಂಡತಿ. ಕಾಣಲಿ. ಮೊನ್ನೆ ಕಂಡಕ್ಟರನ ಕೈ ಹಿಡಿಯದೆ ಬಸ್ಸು ಹತ್ತಿದೆ. ಪಾಯಸವೂ ಒಂದೇ ಸೌಟು... ಹೆಚ್ಚಾಗಿ.

ಮೊಣಗಂಟು ಮುಚ್ಚಿಟ್ಟು ಪಕ್ಕದವನ ಹೆಗಲು ನಂಬಿ ಕೂತ ಹಿರಿಯರೇ, ಮೊದಲು ಡಾಕ್ಟ್ರಿಗೆ ತೋರಿಸಿ. ಪಕ್ಕದವನೂ ಹಾಗೆಯೇ ಕೂತದ್ದು.

ಇನ್ನು ಶಂಕರ, ಇದು ನಿನಗೆ. ಬರುವ ತಿಂಗಳು ನಿನ್ನ ಮಗನ ಉಪನಯನ ಉಂಟು. ಟೇಬಲಿಗೆ ನಾನು ಒಪ್ಪಿದ್ದೇನೆ. ಆದರೆ ಅದು ಹಿತ್ತಿಲಲ್ಲಿ ಅಲ್ಲ, ಚಪ್ಪರದಲ್ಲಿ, ಪಂಕ್ತಿಯ ತಲೆಯಲ್ಲಿ ಇರಬೇಕು. ನಾನು ಅಲ್ಲಿಂದ ಎದ್ದರೆ ಪಂಕ್ತಿ ಏಳಬೇಕು.

ಹಾಕುತ್ತೀಯೋ ಇಲ್ಲವೋ? ನಗುವ ಚಿತ್ರ ಒತ್ತಬೇಡ. ಹತ್ತನೇ ತಾರೀಕಿನೊಳಗೆ ಇಲ್ಲಿಯೇ, ಎಲ್ಲರೆದುರು ಉತ್ತರ ಬರೆ.