ಐಸಮ್ಮನಿಗೆ ಕೊಟ್ಟ ಮಾತ್ರೆ

ಕೆಮ್ಮು ಬಿಡಲಿಲ್ಲ. ಬೀಡಿ ಕಟ್ಟುವವರಿಗೆ ಕೆಮ್ಮು ಇದ್ದದ್ದೇ ಎಂದು ಸುಮ್ಮನಿದ್ದೆ. ಕಫದಲ್ಲಿ ರಕ್ತ ಕಂಡ ಮೇಲೆ ಮಗಳು ಶೋಭಾ ಆಸ್ಪತ್ರೆಗೆ ಎಳೆದುಕೊಂಡು ಹೋದಳು.

ಶ್ವಾಸಕೋಶದ ಕ್ಯಾನ್ಸರ್.

ಬಯಾಪ್ಸಿ ಮಾಡಿದರು. ಆ ತುಂಡನ್ನೇ ಇನ್ನೊಂದು ಟೆಸ್ಟಿಗೂ ಕಳಿಸಿದರು. ರಿಪೋರ್ಟ್ ಬಂದ ದಿನ ಡಾಕ್ಟರಮ್ಮ ಹೇಳಿದರು: "ಒಂದು ಜೀನ್ ಕೆಟ್ಟಿದೆ ಅಮ್ಮ. ನಿಮ್ಮ ಗಡ್ಡೆ ಬೆಳೆಯುವುದು ಅದರ ಬಲದಿಂದಲೇ. ಅದನ್ನು ತಡೆಯುವ ಮಾತ್ರೆ ಉಂಟು." ನನ್ನ ತಲೆಗೆ ಹೋದದ್ದು ಮಾತ್ರೆ ಎಂಬುದಷ್ಟೇ. ತಿಂದೆ. ಮುಖದಲ್ಲಿ ಗುಳ್ಳೆ ಎದ್ದವು, ಹೊಟ್ಟೆ ಕೆಟ್ಟಿತು. ಆದರೆ ಸ್ಕ್ಯಾನಿನಲ್ಲಿ ಗಡ್ಡೆ ಕುಗ್ಗಿತ್ತು. ಜೆಪ್ಪುವಿನ ನಮ್ಮ ಮನೆಯ ಏರು ದಾರಿಯನ್ನು ಮತ್ತೆ ಹತ್ತತೊಡಗಿದೆ.

ಅಷ್ಟರಲ್ಲಿ ಪಕ್ಕದ ಮನೆಯ ಐಸಮ್ಮನಿಗೂ ಅದೇ ಕಾಯಿಲೆ. ಅದೇ ಆಸ್ಪತ್ರೆಯಲ್ಲಿ ಅವಳಿಗೆ ಡ್ರಿಪ್ಪಿನಲ್ಲಿ ಕೀಮೋ. ಕೂದಲು ಹೋಯಿತು. ಅನ್ನ ಕಂಡರೆ ವಾಂತಿ. ನಾನು ಚೇತರಿಸಿಕೊಂಡ ಮುಖ ಹೊತ್ತು ಅವಳೆದುರು ಕೂರಲು ನಾಚಿಕೆಯಾಗುತ್ತಿತ್ತು.

ಒಂದೇ ಜಗಲಿಯಲ್ಲಿ ಕೂತು ಬೀಡಿ ಕಟ್ಟಿದವರು ನಾವು. ಬೀಡಿ ಕಂಪನಿಯ ಬ್ರಾಂಚಿಗೆ ಎಣಿಸಿ ಕೊಡುವಾಗ ಒಬ್ಬಳದ್ದು ಕಡಿಮೆ ಬಿದ್ದರೆ ಇನ್ನೊಬ್ಬಳು ತನ್ನ ಕಟ್ಟಿನಿಂದ ತೆಗೆದು ಸೇರಿಸುವುದು. ಕೇಳುವ ಕ್ರಮವೇ ಇಲ್ಲ. ಮಾತ್ರೆಯನ್ನೂ ಹಾಗೆಯೇ ಹಂಚಿದೆ. ಒಂದು ದಿನ ನನಗೆ, ಒಂದು ದಿನ ಅವಳಿಗೆ.

"ನಿನ್ನ ಡಾಕ್ಟ್ರು ಬೈಯುದಿಲ್ವಾ ಮಾರಾಯ್ತಿ?"

"ಹೇಳಿದ್ರೆ ತಾನೇ ಬೈಯುದು. ನುಂಗು."

"ನಿನ್ನ ಹಾಗೆ ಮುಖದಲ್ಲಿ ಗುಳ್ಳೆ ಎದ್ರೆ?"

"ಈ ಪ್ರಾಯದಲ್ಲಿ ನಿನ್ನನ್ನು ನೋಡ್ಲಿಕ್ಕೆ ಯಾರು ಉಂಟು?"

ನಕ್ಕಳು. ನುಂಗಿದಳು.

ಕೆಲವೇ ದಿನದಲ್ಲಿ ಅವಳಿಗೆ ಭೇದಿ ಹತ್ತಿತು. ನಿಲ್ಲಲಿಲ್ಲ. ಆಸ್ಪತ್ರೆಗೆ ಸೇರಿಸಿದರು.

ನಿತ್ರಾಣ ಹೆಚ್ಚಾಯಿತೆಂದು ಅವಳ ಕೀಮೋವನ್ನು ಮುಂದೂಡಿದರು.

ನಾನೇ ಹೋಗಿ ಡಾಕ್ಟರಮ್ಮನಿಗೆ ಹೇಳಿದೆ. ಅವರು ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು.

"ಕಾಯಿಲೆಯ ಹೆಸರು ಒಂದೇ ಅಮ್ಮ, ಗಡ್ಡೆ ಬೇರೆ. ಅವರದ್ದನ್ನೂ ಟೆಸ್ಟ್ ಮಾಡಿದ್ದೇವೆ. ನಿಮ್ಮ ಗಡ್ಡೆಯಲ್ಲಿ ಕೆಟ್ಟಿರುವ ಜೀನ್ ಅವರದ್ದರಲ್ಲಿ ಸರಿಯಾಗಿಯೇ ಉಂಟು. ಅಲ್ಲಿ ಈ ಮಾತ್ರೆಗೆ ಕೆಲಸ ಇಲ್ಲ, ಉಪದ್ರ ಮಾತ್ರ. ಮತ್ತೆ ನೀವು ದಿನ ಬಿಟ್ಟು ದಿನ ತಿಂದ್ರೆ ನಿಮ್ಮ ಗಡ್ಡೆಯೂ ಪುನಃ ಏಳ್ತದೆ."

ನಿನ್ನೊಳಗಿನದ್ದಕ್ಕೆ ಮಾತ್ರೆ ಇತ್ತು, ಅವಳೊಳಗಿನದ್ದಕ್ಕೆ ಇರಲಿಲ್ಲ, ಅದು ನಿನ್ನ ತಪ್ಪಲ್ಲ ಎಂದು ಶೋಭಾ ಹೇಳುತ್ತಾಳೆ. ಸರಿ. ಆದರೆ ನಿತ್ರಾಣವಾಗಿ ಬಿದ್ದವಳ ಕೀಮೋ ತಪ್ಪಿಸಿದ್ದು ನಾನು. ಅದನ್ನು ಯಾವ ಜೀನಿನ ತಲೆಗೂ ಕಟ್ಟಲಿಕ್ಕಾಗುವುದಿಲ್ಲ.

ಡಾಕ್ಟರಮ್ಮ ಹೇಳಿದ್ದನ್ನು ವಾರ್ಡಿನಲ್ಲಿ ಐಸಮ್ಮನಿಗೂ ಹೇಳಿದೆ. ಅವಳು ಗೋಡೆಯ ಕಡೆ ತಿರುಗಿ ಮಲಗಿದಳು.

ಈಗ ಅವಳ ಕೀಮೋ ಪುನಃ ಶುರುವಾಗಿದೆ. ಎಷ್ಟು ನಾಟುತ್ತದೋ ಯಾರಿಗೂ ಗೊತ್ತಿಲ್ಲ. ನಾನು ಗಂಜಿ ಕೊಂಡುಹೋಗುತ್ತೇನೆ. ನನ್ನ ಮಾತ್ರೆಯನ್ನು ಅವಳೆದುರೇ ನುಂಗಬೇಕು, ಅದು ಅವಳ ಹಟ.

"ಬಾಯಿ ತೆರಿ, ನೋಡ್ತೇನೆ," ಅನ್ನುತ್ತಾಳೆ.

ತೆರೆಯುತ್ತೇನೆ.